ಆರ್ವೆಲ್ ಹೇಳದ ಮಾತು

ಕಳೆದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ‘ಅಣ್ಣ’ ಅಂದರೆ ದೊಡ್ಡಪ್ಪನ ಮಗ. ‘ತಂಗಿ’ ಅಂದರೆ ಚಿಕ್ಕಮ್ಮನ ಮಗಳು, ರಾಜ್ಯಶಾಸ್ತ್ರ ಓದುತ್ತಿದ್ದಾಳೆ.

ದೊಡ್ಡಪ್ಪ: (ಫಾರ್ವರ್ಡ್) “ಸುಳ್ಳೇ ಆಳುವ ಕಾಲದಲ್ಲಿ ಸತ್ಯ ಹೇಳುವುದೇ ಕ್ರಾಂತಿ. – ಜಾರ್ಜ್ ಆರ್ವೆಲ್, ‘1984’. ಎಲ್ಲ ಸರ್ಕಾರಗಳೂ ಒಂದೇ! ಎಲ್ಲಕ್ಕೂ ಬೇಕಾಗಿರುವುದು ನಿಮ್ಮ ಸ್ವಾತಂತ್ರ್ಯ! ಎಚ್ಚೆತ್ತವರು ಹತ್ತು ಜನರಿಗೆ ಕಳಿಸಿ.”

ದೊಡ್ಡಪ್ಪ: ಎಲ್ಲರೂ ಓದಿ. ಈ ಕಾದಂಬರಿ ನನ್ನ ಕಣ್ಣು ತೆರೆಸಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಓದಿದ್ದು. ಅವತ್ತಿನಿಂದ ಯಾವ ಸರ್ಕಾರದ ಮಾತನ್ನೂ ಒಂದೇ ಸಲಕ್ಕೆ ನಂಬಿದವನಲ್ಲ ನಾನು.

ನಾನು: ದೊಡ್ಡಪ್ಪ, ಆ ಸಾಲು ‘1984’ರಲ್ಲಿ ಇಲ್ಲ. ಆರ್ವೆಲ್ ಬರೆದ ಬೇರೆ ಯಾವುದರಲ್ಲೂ ಇಲ್ಲ. ಅವರು 1950ರಲ್ಲಿ ತೀರಿಕೊಂಡರು. ಎಷ್ಟೋ ವರ್ಷ ಆದ ಮೇಲೆ ಅವರ ಹೆಸರಿಗೆ ಅಂಟಿಕೊಂಡ ಮಾತು ಅದು.

ದೊಡ್ಡಪ್ಪ: ಯಾರು ಹೇಳಿದರೇನಮ್ಮ? ಮಾತು ನಿಜ ತಾನೇ?

ನಾನು: ಬೇರೆ ಯಾರದೋ ಹೆಸರಾಗಿದ್ದರೆ ಸುಮ್ನಿರುತ್ತಿದ್ದೆ. ಆದರೆ ಆ ಕಾದಂಬರಿಯಲ್ಲಿ ಕಥಾನಾಯಕ ವಿನ್‌ಸ್ಟನ್ ಮಾಡುವ ಕೆಲಸವೇ ಇದು ಅಲ್ವಾ? ಸರ್ಕಾರದ ಸತ್ಯ ಸಚಿವಾಲಯದಲ್ಲಿ ಕೂತು, ಅದಕ್ಕೆ ಬೇಕಾದ ಹಾಗೆ ಹಳೇ ಪತ್ರಿಕೆ ತಿದ್ದುವುದು. ಒಂದು ಸಲ ಏನಾಗುತ್ತೆ ನೋಡಿ. ಬಿಗ್ ಬ್ರದರ್, ಅಂದರೆ ಆ ದೇಶ ಆಳುವ ಪಕ್ಷದ ನಾಯಕ, ಹಿಂದೆ ಯಾರನ್ನೋ ಹೊಗಳಿರುತ್ತಾನೆ. ಅವನು ಈಗ ಪಕ್ಷಕ್ಕೆ ಬೇಡವಾಗಿದ್ದಾನೆ. ಆ ಜಾಗ ತುಂಬಲು ವಿನ್‌ಸ್ಟನ್ ಒಬ್ಬ ವೀರನನ್ನು ಸೃಷ್ಟಿ ಮಾಡುತ್ತಾನೆ. ಕಾಮ್ರೇಡ್ ಓಗಿಲ್ವಿ. ಅಂಥವನೊಬ್ಬ ಹುಟ್ಟಿಯೇ ಇರಲಿಲ್ಲ. ನಾಲ್ಕು ಸಾಲು ಅಚ್ಚು, ಒಂದೆರಡು ಸುಳ್ಳು ಫೋಟೊ. ಅಷ್ಟಾದರೆ ಅವನು ಬದುಕಿದ್ದ ಅಂತಲೇ ಲೆಕ್ಕ. ನನಗೆ ಹೆದರಿಕೆಯಾಗಿದ್ದು ಇದಕ್ಕಲ್ಲ. ವಿನ್‌ಸ್ಟನ್‌ಗೆ ಈ ಕೆಲಸ ಇಷ್ಟ! ಅವನ ಬದುಕಿನಲ್ಲಿ ಖುಷಿ ಅಂತ ಇರುವುದೇ ಅದರಲ್ಲಿ. ಸರ್ಕಾರವನ್ನು ದ್ವೇಷಿಸುವವನೇ ಅದರ ಸುಳ್ಳನ್ನು ಮನಸ್ಸಿಟ್ಟು ಹೆಣೆಯುತ್ತಾನೆ.

ದೊಡ್ಡಪ್ಪ: ಒಂದು ಫಾರ್ವರ್ಡ್‌ಗೆ ಇಷ್ಟು ದೊಡ್ಡ ಮಾತಾ?

ಚಿಕ್ಕಮ್ಮ: ಭಾವ, ನನಗೆ ಚುಚ್ಚಿದ್ದು ಆ ಸಾಲಲ್ಲ. ‘ಎಲ್ಲ ಸರ್ಕಾರಗಳೂ ಒಂದೇ’ ಅನ್ನುವ ಮಾತು. 31 ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದವಳು ನಾನು. ಅದರಲ್ಲಿ 12 ವರ್ಷ ರೆಕಾರ್ಡ್ ರೂಮಿನಲ್ಲಿ. ರಿಜಿಸ್ಟರಿನಲ್ಲಿ ತಪ್ಪಾದರೆ ಅಳಿಸುವ ಹಾಗಿರಲಿಲ್ಲ. ಬ್ಲೇಡಿನಲ್ಲಿ ಕೆರೆಯುವ ಹಾಗಿಲ್ಲ, ವೈಟ್ನರ್ ಹಚ್ಚುವ ಹಾಗಿಲ್ಲ. ಒಂದೇ ಒಂದು ಗೆರೆ ಎಳೆಯಬೇಕು. ಆ ಗೆರೆಯ ಅಡಿಯಲ್ಲಿ ತಪ್ಪು ಏನಿತ್ತು ಅಂತ ಓದಲು ಬರಬೇಕು. ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ, ತಾರೀಖು. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ನಾನು ಕಲಿಸುತ್ತಿದ್ದದ್ದೇ ಇದು. ಹಾಗೆ ಕೆಲಸ ಮಾಡುವ ಸರ್ಕಾರವೂ ಹಳೇ ಪತ್ರಿಕೆ ಸುಡುವ ಸರ್ಕಾರವೂ ಒಂದೇನಾ?

ದೊಡ್ಡಪ್ಪ: ನಿನ್ನ ಬಗ್ಗೆ ಹೇಳಿದ್ದಲ್ಲಮ್ಮ. ನಿನ್ನ ಪ್ರಾಮಾಣಿಕತೆ ಬೇರೆ. ಸರ್ಕಾರ ಅನ್ನುವ ಯಂತ್ರ ಬೇರೆ.

ಚಿಕ್ಕಮ್ಮ: ಯಂತ್ರ ಅಂದರೆ ಯಾರು ಭಾವ? ನಮ್ಮಂಥವರೇ ಅಲ್ವಾ? ನಾವು ಗೆರೆ ಎಳೆದರೆ ಅದೂ ಗೆರೆ ಎಳೆಯುತ್ತೆ. ನಾವು ಕೆರೆದರೆ ಅದೂ ಕೆರೆಯುತ್ತೆ.

ಅಣ್ಣ: ಅಪ್ಪ, ನಾನೂ ಒಂದು ಹೇಳಬೇಕು. ಕಾಲೇಜಿನಲ್ಲಿದ್ದಾಗ ಐನ್ ರ‍್ಯಾಂಡ್ ಅವರ ‘ಅಟ್ಲಾಸ್ ಶ್ರಗ್ಡ್’ ಕೈಗೆ ಸಿಕ್ಕಿತು. 1957ರ ಕಾದಂಬರಿ, ಸಾವಿರ ಪುಟ ದಾಟುತ್ತೆ. ನಿದ್ದೆ ಬಿಟ್ಟು ಓದಿದೆ. ಆಮೇಲೆ ಎಷ್ಟೋ ವರ್ಷ ನನಗೆ ತೆರಿಗೆ ಅಂದರೆ ಕಳ್ಳತನ. ಕಷ್ಟದಲ್ಲಿರುವವರಿಗೆ ಸರ್ಕಾರ ಕೊಡುವ ನೆರವು ಅಂದರೆ ಸೋಮಾರಿತನಕ್ಕೆ ಬಹುಮಾನ. ಸ್ನೇಹಿತರು ಎಷ್ಟು ವಾದ ಮಾಡಿದರೂ ಬಗ್ಗಲಿಲ್ಲ. ಆಮೇಲೆ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳಲ್ಲ, ಇಪ್ಪತ್ತು ದಿನ ಸರ್ಕಾರಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇದ್ದಳಲ್ಲ, ಆಗ ದಿನಾ ರಾತ್ರಿ ಆ ಗಾಜಿನ ಮುಂದೆ ನಿಂತಿರುತ್ತಿದ್ದೆ. ಅದರ ಖರ್ಚು ಯಾರ ದುಡ್ಡು ಅಂತ ಯೋಚನೆ ಬಂತು. ಯಾರ‍್ಯಾರದೋ ತೆರಿಗೆ. ಅಲ್ಲಿಗೆ ಆ ಪುಸ್ತಕ ನನ್ನ ಮನಸ್ಸಿನಿಂದ ಇಳಿಯಿತು.

ಅಣ್ಣ: ಆದರೂ ಬರೆದವರ ನೋವು ಸುಳ್ಳು ಅನ್ನಲ್ಲ ನಾನು. ಅವರು ಹುಡುಗಿಯಾಗಿದ್ದಾಗ ರಷ್ಯಾದಲ್ಲಿ ಕ್ರಾಂತಿಯಾಗಿ, ಅಪ್ಪನ ಔಷಧಿ ಅಂಗಡಿಯನ್ನು ಸರ್ಕಾರ ಕಿತ್ತುಕೊಂಡಿತ್ತು. ಅದನ್ನು ಕಂಡವರು ಹಾಗೆ ಬರೆದರು. ನಾನು ಅದನ್ನು ಕಾಣದೆಯೇ ಅವರ ಸಿಟ್ಟನ್ನು ನನ್ನದು ಮಾಡಿಕೊಂಡಿದ್ದೆ.

ತಂಗಿ: ಅಣ್ಣ, ಇದು ಬಹಳ ಮುಖ್ಯವಾದ ಮಾತು. ಆರ್ವೆಲ್ ಹೆದರಿದ್ದೂ ಅದೇ ರಷ್ಯಾ ಸರ್ಕಾರಕ್ಕೆ. ಆದರೆ ಅವರು ತಲುಪಿದ್ದು ತದ್ವಿರುದ್ಧ ದಿಕ್ಕಿಗೆ. ಸ್ಪೇನ್‌ನಲ್ಲಿ ದಂಗೆ ಎದ್ದ ಸೇನಾಧಿಕಾರಿ ಫ್ರಾಂಕೊ ವಿರುದ್ಧ ಹೋರಾಡಲು ಹೋಗಿ 1937ರಲ್ಲಿ ಕುತ್ತಿಗೆಗೆ ಗುಂಡು ತಿಂದರು. ಅದೇ ಸಮಯದಲ್ಲಿ ಅವರಿದ್ದ ಪಡೆಯನ್ನೇ ‘ದ್ರೋಹಿಗಳು’ ಅಂತ ಕರೆದು ರಷ್ಯಾ ಬೆಂಬಲದ ಕಮ್ಯುನಿಸ್ಟರು ಬೇಟೆಯಾಡಿದರು. ನಡೆಯದ ಯುದ್ಧ ಪತ್ರಿಕೆಯಲ್ಲಿ ನಡೆದುಬಿಟ್ಟಿತ್ತು. ನೂರಾರು ಜನ ಸತ್ತ ಕಡೆಯ ಬಗ್ಗೆ ಒಂದು ಸಾಲೂ ಅಚ್ಚಾಗಿರಲಿಲ್ಲ. ಅದನ್ನು ಕಣ್ಣಾರೆ ಕಂಡವರು ಅವರು. ಇಷ್ಟಾದರೂ ಕೊನೆತನಕ ಸಮಾಜವಾದಿಯಾಗಿಯೇ ಉಳಿದರು. ‘1984’ ಬಂದ ಕೂಡಲೇ ಕೆಲವರು ಇದು ಸಮಾಜವಾದದ ಮೇಲಿನ ದಾಳಿ ಅಂದರು. ಹಾಗಲ್ಲ ಅಂತ 1949ರಲ್ಲೇ ಅವರು ಹೇಳಿಕೆ ಕೊಡಬೇಕಾಯಿತು. ಅಂದರೆ, ಎಲ್ಲ ಸರ್ಕಾರಗಳೂ ಒಂದೇ ಅನ್ನುವುದು ಆರ್ವೆಲ್ ಮಾತಲ್ಲ ದೊಡ್ಡಪ್ಪ.

ದೊಡ್ಡಪ್ಪ: ಬರೆದವರು ಏನಂದುಕೊಂಡರು ಅನ್ನುವುದು ಅವರಿಗೆ ಬಿಟ್ಟದ್ದು. ಓದಿದವನಿಗೆ ಏನು ತಟ್ಟಿತು ಅನ್ನುವುದು ಮುಖ್ಯ ಅಲ್ವಾ?

ನಾನು: ಅದು ನಿಜ. ಅಪ್ಟನ್ ಸಿಂಕ್ಲೇರ್ ಅವರ ‘ದಿ ಜಂಗಲ್’ಗೆ ಹಾಗೇ ಆಯಿತು. ಅಮೆರಿಕದ ಶಿಕಾಗೊದಲ್ಲಿ ಮಾಂಸದ ಕಾರ್ಖಾನೆಯ ಕೂಲಿಗಳ ಪಾಡು ಜನರಿಗೆ ಮುಟ್ಟಲಿ ಅಂತ ಬರೆದರು. ಓದಿದವರು ಕೂಲಿಗಳಿಗಿಂತ ಜಾಸ್ತಿ ಯೋಚಿಸಿದ್ದು ತಾವು ತಿನ್ನುವ ಮಾಂಸದ ಬಗ್ಗೆ. ಪುಸ್ತಕ ಬಂದದ್ದು 1906ರ ಫೆಬ್ರವರಿಯಲ್ಲಿ. ಜೂನ್ ಮುಗಿಯುವುದರೊಳಗೆ ಮಾಂಸ ತಪಾಸಣೆಯ ಕಾನೂನು ಬಂತು. ಆ ಓದುಗರು ಸರ್ಕಾರ ಬೇಡ ಅನ್ನಲಿಲ್ಲ, ದೊಡ್ಡಪ್ಪ. ಸರ್ಕಾರ ಒಳಗೆ ಬಂದು ನೋಡಲಿ ಅಂದರು. ರಾಜಕೀಯ ಕಾದಂಬರಿ ಅಂದ ಕೂಡಲೇ ಸರ್ಕಾರದ ಮೇಲೆ ಸಂಶಯ ಅಂತ ಲೆಕ್ಕ ಹಾಕಬಾರದು.

ತಂಗಿ: ಅಕ್ಕ, ಇದರ ಬಗ್ಗೆ ಒಂದು ಸಂಶೋಧನೆ ನಮಗೆ ಪಾಠಕ್ಕಿತ್ತು. 2018ರದ್ದು, ಅಮೆರಿಕದಲ್ಲಿ ಮಾಡಿದ್ದು. ಕೆಲವರಿಗೆ ‘ಹಂಗರ್ ಗೇಮ್ಸ್’ ಥರದ ಕ್ರೂರ ಸರ್ಕಾರದ ಕಥೆ ಓದಿಸಿ, ನೋಡಿಸಿದರು. ಆಮೇಲೆ ಪ್ರಶ್ನೆ ಕೇಳಿದರು. ಸರ್ಕಾರದ ಮೇಲಿನ ನಂಬಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬದಲಾದದ್ದು ಬೇರೆ. ಅನ್ಯಾಯದ ವಿರುದ್ಧ ಹಿಂಸೆಗೆ ಇಳಿಯುವುದೂ ಸರಿ ಅನ್ನುವವರು ಜಾಸ್ತಿಯಾದರು. ನಿಜವಾದ ಪ್ರತಿಭಟನೆಯ ಸುದ್ದಿ ನೋಡಿದವರಲ್ಲಿ ಅಷ್ಟು ಪರಿಣಾಮ ಆಗಲಿಲ್ಲ. ಕಥೆ ಸುದ್ದಿಗಿಂತ ಆಳಕ್ಕೆ ಹೋಯಿತು.

ಅಣ್ಣ: ಅಂದರೆ ಕಾದಂಬರಿ ಅಪಾಯ ಅಂತಲಾ?

ತಂಗಿ: ಅಪಾಯ ಅನ್ನಲ್ಲ. ಶಕ್ತಿ ಇದೆ ಅಂತೀನಿ. ಆ ಶಕ್ತಿ ಸರ್ಕಾರಗಳಿಗೂ ಗೊತ್ತು. ಆರ್ವೆಲ್ ಅವರದೇ ಇನ್ನೊಂದು ಪುಸ್ತಕ ‘ಅನಿಮಲ್ ಫಾರ್ಮ್’ 1954ರಲ್ಲಿ ಕಾರ್ಟೂನ್ ಸಿನಿಮಾ ಆಯಿತು. ಮನುಷ್ಯನನ್ನು ಓಡಿಸಿದ ಪ್ರಾಣಿಗಳನ್ನು ಆಮೇಲೆ ಹಂದಿಗಳೇ ಆಳುವ ಕಥೆ ಅದು. ಆ ಸಿನಿಮಾಕ್ಕೆ ಗುಟ್ಟಾಗಿ ದುಡ್ಡು ಹಾಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಪುಸ್ತಕದ ಕೊನೆಯಲ್ಲಿ ಪ್ರಾಣಿಗಳು ಕಿಟಕಿಯ ಹೊರಗೆ ನಿಂತು ನೋಡುತ್ತವೆ. ಹಂದಿ ಯಾರು, ಮನುಷ್ಯ ಯಾರು ಅಂತ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಅವು ಹಂದಿಗಳ ಮೇಲೆ ತಿರುಗಿಬೀಳುತ್ತವೆ. ಎದುರಾಳಿ ದೇಶದಲ್ಲಿ ಜನ ದಂಗೆ ಏಳಲಿ ಅನ್ನುವವರಿಗೆ ಬೇಕಾದ ಕೊನೆ ಅದು. ಹಂದಿಯೂ ಮನುಷ್ಯನೂ ಒಂದೇ ಆದರು ಅನ್ನುವ ಪುಸ್ತಕದ ಮಾತು ಅವರಿಗೆ ಬೇಡವಾಗಿತ್ತು.

ಚಿಕ್ಕಮ್ಮ: ನೋಡಿ, ಅದೂ ಕೆರೆದು ತಿದ್ದಿದ್ದೇ.

ನಾನು: ದೊಡ್ಡಪ್ಪ, ಚಾಕೊಲೇಟ್ ಭಾಗ ನೆನಪಿದೆಯಾ? ವಾರಕ್ಕೆ 30 ಗ್ರಾಮ್ ಕೊಡುತ್ತಿದ್ದದ್ದನ್ನು 20ಕ್ಕೆ ಇಳಿಸುತ್ತಾರೆ. ಮರುದಿನ, 20 ಗ್ರಾಮಿಗೆ ಏರಿಸಿದ್ದಕ್ಕೆ ಜನ ಮೆರವಣಿಗೆ ಮಾಡಿ ಧನ್ಯವಾದ ಹೇಳಿದರು ಅಂತ ಸುದ್ದಿ. ಒಂದೇ ದಿನದ ಅಂತರ. ಊಟದ ಮೇಜಿನಲ್ಲಿ ಕೂತವರು ತಲೆ ಆಡಿಸುತ್ತಾರೆ. ನನಗೇನಾ ನೆನಪಿರುವುದು ಅಂತ ವಿನ್‌ಸ್ಟನ್ ಸುತ್ತಲೂ ನೋಡುತ್ತಾನೆ. ಅವತ್ತು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ. ಸ್ವಾತಂತ್ರ್ಯ ಅಂದರೆ ನನಗೆ ಅಲ್ಲಿತನಕ ಬೇಕಾದ್ದು ಮಾತಾಡುವುದು ಅಂತಿತ್ತು. ನಿನ್ನೆ 30 ಇತ್ತು ಅಂತ ತೋರಿಸುವ ಒಂದು ಕಾಗದ ಎಲ್ಲೋ ಭದ್ರವಾಗಿರುವುದು ಕೂಡ ಸ್ವಾತಂತ್ರ್ಯ ಅಂತ ಆಮೇಲೆ ತಿಳಿಯಿತು. ಆ ಕಾಗದ ಕಾಯುವವರು ಬೇಕು. ಚಿಕ್ಕಮ್ಮನಂಥವರು ಬೇಕು. ಸರ್ಕಾರ ಅಂದರೆ ಕಳ್ಳ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅವರನ್ನೂ ತಳ್ಳಿಹಾಕಿದ ಹಾಗೆ.

(ಇಲ್ಲಿ ಮುಕ್ಕಾಲು ಗಂಟೆ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ನಾನು ಒಂದು ವಿಷಯ ಇವತ್ತಿನತನಕ ಮನೆಯಲ್ಲಿ ಹೇಳಿಲ್ಲ. ನಾನು ಮೊದಲು ಕೆಲಸಕ್ಕಿದ್ದ ಖಾಸಗಿ ಕಾರ್ಖಾನೆಯಲ್ಲಿ ಒಬ್ಬ ಹುಡುಗನ ಕೈ ಯಂತ್ರಕ್ಕೆ ಸಿಕ್ಕಿತು. ಎರಡು ಬೆರಳು ಹೋದವು. ಮಾರನೇ ದಿನ ಮೇಲಿನವರು ಆ ತಿಂಗಳ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆಸಿದರು. ಅದರಲ್ಲಿ ಅವನ ಹೆಸರೇ ಇರಲಿಲ್ಲ. ಅವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ ಅಂತ ಲೆಕ್ಕ. ಪಾಳಿ ಮೇಲ್ವಿಚಾರಕ ನಾನು, ನನ್ನ ಸಹಿ ಬೇಕಿತ್ತು. ಪೆನ್ನು ಕೈಗೆ ಕೊಟ್ಟರು. ಆ ಹುಡುಗನ ಟವೆಲ್ ಇನ್ನೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಆ ಕಾದಂಬರಿಯ ಪಕ್ಷದ ಹಾಗೆ, ಎರಡು ಎರಡು ಸೇರಿ ಐದು ಅಂತ ಬರೆಯಲು ಹೇಳುತ್ತಿದ್ದಾರೆ ಅನ್ನಿಸಿತು. ಹಿಂದಿನ ವರ್ಷವಷ್ಟೇ ಓದಿದ್ದೆ ಆ ಪುಸ್ತಕ. ಸಹಿ ಹಾಕಲಿಲ್ಲ. ಕೆಲಸ ಹೋಯಿತು. ಆ ಪುಸ್ತಕ ಓದಿರದಿದ್ದರೆ ಹಾಕಿಬಿಡುತ್ತಿದ್ದೆನೇನೋ. ಅದಕ್ಕೇ ಅದರ ಹೆಸರು ಕಂಡರೆ ಸಾಕು, ಎಲ್ಲರಿಗೂ ಕಳಿಸಬೇಕು ಅನ್ನಿಸುತ್ತೆ.

ಅಣ್ಣ: ಅಪ್ಪ, ಆ ಕೆಲಸ ನೀವೇ ಬಿಟ್ಟಿದ್ದು ಅಂತ ಅಮ್ಮ ಹೇಳಿದ್ದರು.

ದೊಡ್ಡಪ್ಪ: ಅವಳಿಗೂ ಹಾಗೇ ಹೇಳಿದ್ದೆ.

ಚಿಕ್ಕಮ್ಮ: ಭಾವ, ನೀವು ಮಾಡಿದ್ದು ರೆಕಾರ್ಡ್ ರೂಮಿನವರು ಮಾಡಬೇಕಾದ ಕೆಲಸವನ್ನೇ.

ನಾನು: ದೊಡ್ಡಪ್ಪ, ಆ ಪುಸ್ತಕ ಓದುಗನಿಗೆ ಏನು ಮಾಡುತ್ತೆ ಅಂತ ಇಷ್ಟು ಹೊತ್ತು ನಾವು ಹೇಳಲು ಒದ್ದಾಡಿದ್ದು ಇದನ್ನೇ. ಅಲ್ಲಿ ಸರ್ಕಾರವೇ ಇರಲಿಲ್ಲ, ನೋಡಿ. ಒಂದು ಹಾಜರಿ ಪುಸ್ತಕ, ಒಂದು ಪೆನ್ನು, ನೀವು. ಆ ಫಾರ್ವರ್ಡ್‌ಗಿಂತ ಇದನ್ನು ಬರೆದು ಕಳಿಸಿ.

ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಸರಿ, ಆ ಫಾರ್ವರ್ಡ್ ತೆಗೆದುಬಿಟ್ಟೆ. ಆದರೆ ಅಧಿಕಾರದಲ್ಲಿ ಇರುವವರ ಮೇಲಿನ ಸಂಶಯವನ್ನು ಮಾತ್ರ ಬಿಡುವುದಿಲ್ಲ. ಅದು ಕಾರ್ಖಾನೆಯವರದ್ದಾಗಲಿ, ಸರ್ಕಾರದ್ದಾಗಲಿ.

ಚಿಕ್ಕಮ್ಮ: ಸಂಶಯ ಇರಲಿ ಭಾವ, ಇರಬೇಕು. ಆದರೆ ಅಳಿಸಿದ್ದು ಯಾಕೆ? ನಾನು ಹೇಳಿದ್ದು ಗೆರೆ ಎಳೆಯಿರಿ ಅಂತ. ಈಗ ಗುಂಪಿಗೆ ತಡವಾಗಿ ಬಂದವರಿಗೆ ನಾವೆಲ್ಲ ಯಾವುದರ ಬಗ್ಗೆ ಮಾತಾಡಿದೆವು ಅಂತಲೇ ತಿಳಿಯುವುದಿಲ್ಲ.

ತಂಗಿ: ದೊಡ್ಡಪ್ಪ, ಸಾಲಿನ ಹಿಂದೆ ಮುಂದೆ ಒಂದೊಂದು ~ ಚಿಹ್ನೆ ಹಾಕಿ. ವಾಟ್ಸಾಪೇ ಗೆರೆ ಎಳೆಯುತ್ತೆ.

ನಾನು: ಒಂದು ಕೇಳಲಾ? ಕಾದಂಬರಿಯ ಮೂರನೇ ಭಾಗ ಓದಿದ್ದೀರಾ? ವಿನ್‌ಸ್ಟನ್ ಸಿಕ್ಕಿಬಿದ್ದ ಮೇಲಿನದ್ದು?

ದೊಡ್ಡಪ್ಪ: ಇಲ್ಲಮ್ಮ. ಅವನನ್ನು ಹಿಡಿದ ಕಡೆ ನಿಲ್ಲಿಸಿದ್ದೆ. ಮುಂದೆ ಹೋಗಲು ಮನಸ್ಸಾಗಲಿಲ್ಲ. ಆಮೇಲೆ ನನ್ನ ಕೆಲಸದ ಗಲಾಟೆ ಶುರುವಾಯಿತು.

ನಾನು: ಅವನು ಸೋಲುತ್ತಾನೆ, ದೊಡ್ಡಪ್ಪ. ಮೇಜಿನ ಧೂಳಿನ ಮೇಲೆ ಬೆರಳಿನಿಂದ ಎರಡು ಎರಡು ಐದು ಅಂತ ತಾನೇ ಬರೆಯುತ್ತಾನೆ. ಓದಲು ಕಷ್ಟ ಆಗುತ್ತೆ. ಆದರೂ ಈಗ ಓದಿ. ನೀವು ಹಾಕದ ಸಹಿಯ ಬೆಲೆ ಅಲ್ಲಿ ಗೊತ್ತಾಗುತ್ತೆ.

ತಂಗಿ: ಕಥೆ ಮುಗಿದ ಮೇಲೂ ನಿಲ್ಲಿಸಬೇಡಿ. ಕೊನೆಗೆ ಆ ಸರ್ಕಾರದ ಹೊಸ ಭಾಷೆಯ ಬಗ್ಗೆ ಒಂದು ಅನುಬಂಧ ಇದೆ. ಪೂರ್ತಿ ಭೂತಕಾಲದಲ್ಲಿದೆ. ‘ಆ ಭಾಷೆ ಹೀಗಿತ್ತು, ಹೀಗೆ ಬಳಸುತ್ತಿದ್ದರು’ ಅಂತ. ಆ ಸರ್ಕಾರ ಬಿದ್ದುಹೋದ ಮೇಲೆ ಯಾರೋ ಬರೆದಿಟ್ಟ ಹಾಗೆ. ಅದನ್ನೂ ಇನ್ನೊಂದು ಭಾಗವನ್ನೂ ತೆಗೆದರೆ ಪುಸ್ತಕ ಸಿಕ್ಕಾಪಟ್ಟೆ ಮಾರಾಟ ಆಗುವ ಹಾಗೆ ಮಾಡುತ್ತೇವೆ ಅಂತ ಅಮೆರಿಕದ ಒಂದು ಬುಕ್ ಕ್ಲಬ್ ಕೇಳಿತ್ತು. ಆರ್ವೆಲ್ ಒಪ್ಪಲಿಲ್ಲ. ಆಗ ಅವರಿಗೆ ಕ್ಷಯ ಜೋರಾಗಿತ್ತು, ಹಾಸಿಗೆ ಹಿಡಿದಿದ್ದರು.

ದೊಡ್ಡಪ್ಪ: ಅದೂ ಒಂದು ಹಾಕದ ಸಹಿ.

ದೊಡ್ಡಪ್ಪ: ~“ಸುಳ್ಳೇ ಆಳುವ ಕಾಲದಲ್ಲಿ ಸತ್ಯ ಹೇಳುವುದೇ ಕ್ರಾಂತಿ. – ಜಾರ್ಜ್ ಆರ್ವೆಲ್, ‘1984’. ಎಲ್ಲ ಸರ್ಕಾರಗಳೂ ಒಂದೇ!”~
ತಪ್ಪು. ಆರ್ವೆಲ್ ಹೇಳಿದ್ದಲ್ಲ. ಎರಡನೇ ಮಾತೂ ಅವರದ್ದಲ್ಲ, ಅದು ನನ್ನ ಸಿಟ್ಟು. ತಿದ್ದಿದವನು ನಾನೇ, ಭಾನುವಾರ ಸಂಜೆ 6.40.

ಚಿಕ್ಕಮ್ಮ: ನೋಡಿದೆ. ಸರಿಯಾಗಿದೆ.