ಅಪ್‌ಡೇಟ್: ತೋಟದ ಆಫೀಸಿನ ಹಳೇ ಕಂಪ್ಯೂಟರಿಗೆ ಬಣ್ಣ ಬಂತು

ಮಡಿಕೇರಿ ಹತ್ತಿರದ ನಮ್ಮ ತೋಟದ ಆಫೀಸಿನ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದ ಮೇಲೆ ಬೇರೆ ಪ್ರೋಗ್ರಾಂಗಳಿಗೆ ಬಣ್ಣ ಸಿಗುತ್ತಿಲ್ಲ, ತೋಟದ ನಕ್ಷೆ ಕಪ್ಪುಕಪ್ಪಾಗಿ ಕಾಣುತ್ತದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ.

ನೀವು ಹೇಳಿದಂತೆ ಪರದೆಯ ವಿವರ ತೋರಿಸುವ ಎಕ್ಸ್‌ಡಿಪಿವೈಇನ್ಫೋ (xdpyinfo) ಆಜ್ಞೆ ಓಡಿಸಿದೆ. ಪರದೆಯ ಪ್ರತಿ ಚುಕ್ಕಿಗೆ 8 ಬಿಟ್, ಸ್ಯೂಡೋಕಲರ್ ಅಂತ ತೋರಿಸಿತು. ಅಂದರೆ ಇಡೀ ಪರದೆಗೆ 256 ಬಣ್ಣಗಳ ಒಂದೇ ಪಟ್ಟಿ. ಮೊದಲು ಬಂದ ಬ್ರೌಸರ್ ಬಹುಪಾಲು ಹಿಡಿದುಕೊಳ್ಳುತ್ತಿತ್ತು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಪಂದಿಕರಿ ಖಾಲಿಯಾದ ಹಾಗೆ, ನಕ್ಷೆಗೆ ಏನೂ ಉಳಿಯುತ್ತಿರಲಿಲ್ಲ.

ಬ್ರೌಸರಿಗೆ ಪ್ರತ್ಯೇಕ ಪಟ್ಟಿ ಕೊಟ್ಟು ನೋಡಿದೆ. ಬಣ್ಣ ಸಿಗುತ್ತಿಲ್ಲ ಎಂಬ ಎಚ್ಚರಿಕೆ ನಿಂತಿತು. ಆದರೆ ಅದರ ಕಿಟಕಿಗೆ ಮೌಸ್ ಹೋದಾಗಲೆಲ್ಲ ಉಳಿದ ಪರದೆ ನೇರಳೆ, ಹಸಿರು ಅಂತ ವಿಚಿತ್ರ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಕಣ್ಣು ನೋವು ಅಂತ ಎದ್ದೇ ಹೋದರು!

ಕೊನೆಗೆ, 16 ಬಿಟ್ ಮಾಡಿದರೆ ಪ್ರತಿ ಚುಕ್ಕಿಗೂ ನೇರವಾಗಿ ಬಣ್ಣ ಸಿಗುತ್ತದೆ, ಹಂಚಿಕೊಳ್ಳುವ ಪಟ್ಟಿಯೇ ಬೇಡ ಅಂತ ಮೆಮೊರಿ ಲೆಕ್ಕ ಹಾಕಿದೆ. ವಿಡಿಯೊ ಕಾರ್ಡಿನಲ್ಲಿರುವುದು 1 ಎಂಬಿ. ಪರದೆ 1024×768 ಚುಕ್ಕಿ ಇದ್ದು 16 ಬಿಟ್ ಬೇಕಾದರೆ 1.5 ಎಂಬಿ ಬೇಕು, ಆಗಲ್ಲ. 800×600ಕ್ಕೆ ಇಳಿಸಿದರೆ 9,60,000 ಬೈಟ್ ಸಾಕು. ಲಿನಕ್ಸಿನಲ್ಲಿ ಪರದೆಯ ಕಿಟಕಿಗಳನ್ನು ತೋರಿಸುವ ಎಕ್ಸ್ (X) ಎಂಬ ಪ್ರೋಗ್ರಾಂನ ಸೆಟ್ಟಿಂಗ್ ಫೈಲಿನಲ್ಲಿ 800×600, ಡೆಪ್ತ್ (ಬಣ್ಣದ ಬಿಟ್) 16 ಎಂದು ಬರೆದು ಅದನ್ನು ಮತ್ತೆ ಶುರು ಮಾಡಿದೆ. ಈಗ 65,536 ಬಣ್ಣ, ಪಟ್ಟಿಗೆ ಜಗಳವೇ ಇಲ್ಲ. ಅಕ್ಷರವೂ ದೊಡ್ಡದಾಯಿತು, ರೈಟರಿಗೆ ಅದೇ ಜಾಸ್ತಿ ಖುಷಿ.