ಕೆವಿಎಂ: ವಿಎಂ (ವರ್ಚುವಲ್ ಮಷಿನ್) ಬಿಟ್ಟುಕೊಟ್ಟ ರ‍್ಯಾಮ್ ಹೋಸ್ಟ್‌ಗೆ ವಾಪಸ್ ಬರ್ತಿಲ್ಲ, ಬಲೂನ್ ಕೆಟ್ಟಿದೆಯಾ?

ಹೇಮೆದಂಡೆ (ಹಾಸನ): ಸರ್, ಮನೆಯಲ್ಲಿರೋ 16 ಜಿಬಿ ರ‍್ಯಾಮ್‌ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸೋ ವ್ಯವಸ್ಥೆ) ಹಾಕಿ 4 ಜಿಬಿಯ ಮೂರು ಉಬುಂಟು ವಿಎಂ ಓಡಿಸ್ತಿದ್ದೇನೆ. ಬಲೂನ್ (ವಿಎಂನಿಂದ ಮೆಮೊರಿ ಹೋಸ್ಟ್‌ಗೆ ವಾಪಸ್ ಎಳೆಯೋ ಡ್ರೈವರ್), ಕೆಎಸ್‌ಎಂ (ಒಂದೇ ಥರದ ಮೆಮೊರಿ ಪೇಜ್‌ಗಳನ್ನು ಒಂದಾಗಿಸೋ ಕರ್ನೆಲ್ ಸೌಲಭ್ಯ) ಎರಡನ್ನೂ ಟೆಸ್ಟ್ ಮಾಡಬೇಕು. ಒಂದು ವಿಎಂನಲ್ಲಿ ಸ್ಟ್ರೆಸ್-ಎನ್‌ಜಿ ಅನ್ನೋ ಟೆಸ್ಟ್ ಟೂಲ್‌ನಿಂದ 3 ಜಿಬಿ ತುಂಬಿಸಿ ನಿಲ್ಲಿಸಿದೆ. ಒಳಗೆ ಫ್ರೀ ಕಮಾಂಡ್ ಕೊಟ್ಟರೆ ಎಲ್ಲ ಖಾಲಿ ಅಂತಿದೆ, ಹೋಸ್ಟ್‌ನ ಟಾಪ್‌ನಲ್ಲಿ ನೋಡಿದ್ರೆ ಕ್ಯೂಎಮು (ಹೋಸ್ಟ್‌ನಲ್ಲಿ ವಿಎಂ ಓಡಿಸೋ ಪ್ರೋಗ್ರಾಂ) ಮಾತ್ರ ಅಷ್ಟನ್ನೂ ಹಿಡ್ಕೊಂಡು ಕೂತಿದೆ. ಕೆಎಸ್‌ಎಂನ ಪೇಜಸ್-ಶೇರಿಂಗ್ (ಹೀಗೆ ಉಳಿದ ಪೇಜ್‌ಗಳ ಲೆಕ್ಕ) ಕೂಡ 0. ಬಲೂನ್ ಡ್ರೈವರ್ ಲೋಡ್ ಆಗಿದೆ.

ಗಿರಿಮಳೆ (ಚಿಕ್ಕಮಗಳೂರು): ಬಲೂನ್ ಕೆಟ್ಟಿಲ್ಲ ಮಾರಾಯ್ರೆ. ಪ್ರೋಗ್ರಾಂ ಬಿಟ್ಟ ಪೇಜ್ ಖಾಲಿ ಅನ್ನೋದು ಗೆಸ್ಟ್ (ಅಂದ್ರೆ ವಿಎಂ ಒಳಗಿನ) ಕರ್ನೆಲ್‌ಗೆ ಗೊತ್ತು, ಹೋಸ್ಟ್‌ಗೆ ಯಾರು ಹೇಳಬೇಕು? ಬಲೂನ್ ತಾನಾಗಿ ಊದಿಕೊಳ್ಳಲ್ಲ. ವಿರ್ಶ್ ಸೆಟ್‌ಮೆಮ್‌ಗೆ ಲೈವ್ ಆಪ್ಷನ್ ಹಾಕಿ 2 ಜಿಬಿಗೆ ಇಳಿಸಿ, ಆಮೇಲೆ ಡಾಮ್‌ಮೆಮ್‌ಸ್ಟ್ಯಾಟ್‌ನಲ್ಲಿ ಆಕ್ಚುಯಲ್ (ವಿಎಂಗೆ ಈಗ ಕೊಟ್ಟಿರೋ ಮೆಮೊರಿ) ಮತ್ತು ಆರ್‌ಎಸ್‌ಎಸ್ (ಹೋಸ್ಟ್‌ನಲ್ಲಿ ಅದು ನಿಜವಾಗಿ ಹಿಡಿದಿರೋದು) ಸಾಲು ನೋಡಿ. ಆಕ್ಚುಯಲ್ ಇಳಿದು ಆರ್‌ಎಸ್‌ಎಸ್ ಅಲ್ಲೇ ನಿಂತಿದ್ರೆ, ಆ ವಿಎಂಗೆ ಗ್ರಾಫಿಕ್ಸ್ ಕಾರ್ಡ್ ಏನಾದ್ರೂ ಪಾಸ್‌ಥ್ರೂ (ನೇರವಾಗಿ ವಿಎಂ ಕೈಗೆ) ಕೊಟ್ಟಿದ್ದೀರಾ ಅಂತ ನೋಡಿ. ಕೊಟ್ಟಿದ್ರೆ ಗೆಸ್ಟ್‌ನ ಮೆಮೊರಿ ಪೂರ್ತಿ ಪಿನ್ ಆಗಿರುತ್ತೆ (ಹೋಸ್ಟ್ ವಾಪಸ್ ತಗೊಳ್ಳೋ ಹಾಗಿಲ್ಲ), ಊದಿಸಿ ಪ್ರಯೋಜನ ಇಲ್ಲ.

ತಾನಾಗೇ ವಾಪಸ್ ಬರಬೇಕು ಅಂದ್ರೆ ಫ್ರೀ ಪೇಜ್ ರಿಪೋರ್ಟಿಂಗ್ (ಖಾಲಿ ಪೇಜ್‌ಗಳನ್ನು ಗೆಸ್ಟೇ ಹೋಸ್ಟ್‌ಗೆ ತಿಳಿಸೋ ಬಲೂನ್ ಆಪ್ಷನ್) ಆನ್ ಮಾಡಿ. ಗೆಸ್ಟ್ ಕರ್ನೆಲ್ 5.7, ಕ್ಯೂಎಮು 5.1 ಅಥವಾ ಅದಕ್ಕಿಂತ ಹೊಸದು ಇರಬೇಕು. ಪೇಜ್ ಕ್ಯಾಶೆ (ಓದಿದ ಫೈಲ್‌ಗಳನ್ನು ಗೆಸ್ಟ್ ಮೆಮೊರಿಯಲ್ಲಿ ಇಟ್ಟುಕೊಂಡಿರೋದು) ಇದರ ಲೆಕ್ಕಕ್ಕೆ ಬರಲ್ಲ, ಅದು ಖಾಲಿ ಮೆಮೊರಿ ಅಲ್ವಲ್ಲ.

ಕೆಎಸ್‌ಎಂ 0 ಅಂದ್ರೆ ಮೊದಲು ಹೋಸ್ಟ್‌ನಲ್ಲಿ ಕೆಎಸ್‌ಎಂನ ರನ್ ಫೈಲ್ ನೋಡಿ. ಅದರಲ್ಲಿ 1 ಇರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಹೋಸ್ಟ್ ರೀಬೂಟ್ ಆದಾಗೆಲ್ಲ ಅದು ಮತ್ತೆ 0 ಆಗುತ್ತೆ, ಹಾಗಾಗಿ ಬೂಟ್‌ನಲ್ಲೇ 1 ಬರೆಯೋ ಹಾಗೆ ಸಿಸ್ಟಂಡಿ ಯೂನಿಟ್ ಹಾಕಿಟ್ಟಿದ್ದೇನೆ.

ಹೇಮೆದಂಡೆ: ಪಾಸ್‌ಥ್ರೂ ಇಲ್ಲ. ಸೆಟ್‌ಮೆಮ್ ಕೊಟ್ಟ ತಕ್ಷಣ ಆರ್‌ಎಸ್‌ಎಸ್ ಇಳೀತು, ಥ್ಯಾಂಕ್ಸ್ ಸರ್! ರನ್ ಈಗ 1 ಮಾಡಿದೆ, ಆದ್ರೂ ಶೇರಿಂಗ್ ಏರ್ತಾನೇ ಇಲ್ಲ.

ಗಿರಿಮಳೆ: ಸ್ವಲ್ಪ ತಡೀರಿ. ಡೀಫಾಲ್ಟ್ ಪ್ರಕಾರ ಕೆಎಸ್‌ಎಂ 100 ಪೇಜ್ ನೋಡಿ 20 ಮಿಲಿಸೆಕೆಂಡ್ ಮಲಗುತ್ತೆ. 4 ಕೆಬಿ ಪೇಜ್ ಲೆಕ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದ್ರೆ 20 ಎಂಬಿ ಆಯ್ತು, ಮೂರೂ ವಿಎಂನ ಪೂರ್ತಿ 12 ಜಿಬಿ ಆದ್ರೆ ಒಂದು ಸುತ್ತು ಮುಗಿಯೋಕೇ 10 ನಿಮಿಷ ದಾಟುತ್ತೆ. ಮೊದಲ ಸುತ್ತಲ್ಲಿ ಪೇಜ್‌ನ ಚೆಕ್‌ಸಮ್ (ಬದಲಾಯ್ತಾ ಅಂತ ತಿಳಿಯೋ ಗುರುತು) ಬರೆದಿಟ್ಟುಕೊಳ್ಳುತ್ತೆ, ಮುಂದಿನ ಸುತ್ತಿಗೂ ಬದಲಾಗದೆ ಇರೋ ಪೇಜನ್ನು ಮಾತ್ರ ಸೇರಿಸೋಕೆ ನೋಡುತ್ತೆ. ಟೆಸ್ಟ್‌ಗೆ ಬೇಕಿದ್ರೆ ಪೇಜಸ್-ಟು-ಸ್ಕ್ಯಾನ್ 1000 ಮಾಡಿ, ಸಿಪಿಯು ಜಾಸ್ತಿ ತಿನ್ನುತ್ತೆ ಅಷ್ಟೇ. ಅದಕ್ಕೂ ಏರದಿದ್ರೆ ವಿಎಂನ ಎಕ್ಸ್‌ಎಂಎಲ್ (ಸೆಟ್ಟಿಂಗ್ಸ್ ಫೈಲ್) ಇಲ್ಲಿ ಹಾಕಿ. ಹ್ಯೂಜ್‌ಪೇಜಸ್ (4 ಕೆಬಿ ಬದಲು ದೊಡ್ಡ ಪೇಜ್ ಬಳಸೋ ಸೆಟ್ಟಿಂಗ್) ಅಂತ ಅದರಲ್ಲಿದ್ರೆ ಕೆಎಸ್‌ಎಂ ಆ ಮೆಮೊರಿನ ಮುಟ್ಟೋದೇ ಇಲ್ಲ.