ಸಹಾಯ ಬೇಕು: ಚೆಸ್ಟ್ ಫ್ರೀಜರ್‌ನಲ್ಲಿ ಬಿಯರ್ ಕೆಗ್, ಬುಡ ತಣ್ಣಗೆ, ನಲ್ಲಿ ಬೆಚ್ಚಗೆ

ನಮಸ್ಕಾರ. ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೀನಿ, ಮನೆಯಲ್ಲೇ ಬಿಯರ್ ಮಾಡೋ ಅಭ್ಯಾಸ. ಇಲ್ಲಿನ ಬೇಸಿಗೆಗೆ ಗ್ಯಾರೇಜು ಕಾದ ಹಂಚಿನ ಹಾಗಿರುತ್ತೆ, ಅದಕ್ಕೇ 7 ಘನ ಅಡಿಯ ಹಳೇ ಚೆಸ್ಟ್ ಫ್ರೀಜರ್ ತಂದು ಕೆಗ್ (ಬಿಯರ್ ತುಂಬಿಡೋ ಪೀಪಾಯಿ) ಚಿಲ್ಲರ್ ಮಾಡಿದೆ. ಫ್ರೀಜರಿನ ಗೋಡೆಯೊಳಗೇ ತಂಪು ಮಾಡೋ ಗ್ಯಾಸಿನ ಪೈಪು ಓಡಿರೋದರಿಂದ ಕೊರೆಯೋಕೆ ಹೋಗಲಿಲ್ಲ. ಮುಚ್ಚಳ ಬಿಚ್ಚಿ, ಅದಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನು ಅದಕ್ಕೇ ಹಾಕಿದ್ದೀನಿ. ಒಳಗೆ 19 ಲೀಟರಿನ ಮೂರು ಕೆಗ್.

ಟೆಂಪರೇಚರ್ ಕಂಟ್ರೋಲರ್ 4 ಡಿಗ್ರಿಗೆ ಸೆಟ್ ಮಾಡಿದೆ. ಮೊದಲು ಸೆನ್ಸರನ್ನು ಗಾಳಿಯಲ್ಲಿ ನೇತುಹಾಕಿದ್ದೆ, ಕಂಪ್ರೆಸರ್ ಗಳಿಗೆಗೊಮ್ಮೆ ಆನ್-ಆಫ್ ಆಗ್ತಿತ್ತು. ಕೆಗ್ಗಿನ ಮೈಗೆ ಟೇಪ್ ಹಚ್ಚಿ, ಮೇಲೆ ಥರ್ಮಾಕೋಲ್ ತುಂಡು ಒತ್ತಿ ಕಟ್ಟಿದ ಮೇಲೆ ಅದು ಸರಿಹೋಯ್ತು.

ಈಗಿನ ತೊಂದರೆ: ಬುಡದಲ್ಲಿ 3 ಡಿಗ್ರಿ ಇದ್ದರೆ ನಲ್ಲಿಯ ಹತ್ತಿರ 11. ಮೊದಲ ಲೋಟ ಅರ್ಧಕ್ಕರ್ಧ ನೊರೆ, ಎರಡನೇದು ಸೊಗಸಾಗಿ ಬರುತ್ತೆ. ಒಳಗೆ ಸಣ್ಣ ಕಂಪ್ಯೂಟರ್ ಫ್ಯಾನ್ ಇಟ್ಟರೆ ಸಾಕಾ? ಗಾಳಿ ಮೇಲಕ್ಕೆ ಬೀಸಬೇಕಾ, ಕೆಳಕ್ಕಾ?

ತಳದಲ್ಲಿ ನೀರೂ ನಿಲ್ಲುತ್ತೆ. ನಿನ್ನೆ ಚೌಕಟ್ಟಿನ ಒಳಮೂಲೆಯಲ್ಲಿ ಸಾಸಿವೆ ಗಾತ್ರದ ಕಪ್ಪು ಬೂಷ್ಟಿನ ಚುಕ್ಕೆ ಕಂಡು ತುಂಬಾ ಬೇಜಾರಾಯ್ತು. ಅಷ್ಟು ಕಷ್ಟಪಟ್ಟು ಉಜ್ಜಿ ಪಾಲಿಶ್ ಮಾಡಿದ ಮರ. ಸಿಲಿಕಾ ಜೆಲ್ ಡಬ್ಬಿ ನಡೆಯುತ್ತಾ, ಇಲ್ಲಾ ಡೀಹ್ಯುಮಿಡಿಫೈಯರ್ರೇ ಬೇಕಾ?

ಮಾಡಿ ನೋಡಿದವರು ದಯವಿಟ್ಟು ಹೇಳಿ. ಶನಿವಾರ ಗೋಧಿ ಬಿಯರ್ ತುಂಬಬೇಕು.